ಒಳಗೆಳೆದ ಉಸಿರಿನ ಊರು

ಮಕ್ಕಳೇ,

ಹೋದ ರವಿವಾರ ನೀವಿಬ್ಬರೂ ಲಿಂಗಸುಗೂರಿನಿಂದ ಮಸ್ಕಿಗೆ ಬಂದಾಗ ಗೌರಿ ತನ್ನ ಅಣ್ಣನ ಮೇಲೆ ಒಂದು ಚಾಡಿ ಹೇಳಿದಳು. ಶಾಲೆಯಲ್ಲಿ ಹಾಜರಿ ಕರೆದಾಗ ಸಂಗು ‘ಹಾಜರ್ ಸರ್’ ಅನ್ನಲಿಲ್ಲವಂತೆ. ಕಿಟಕಿಯ ಹೊರಗೆ ನೋಡುತ್ತ ಮೈಮರೆತು ಕೂತವನು ಬಾಯಿಂದ ಒಂದು ಚೂರು ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡನಂತೆ. ಮಾಸ್ತರರು ಗೈರುಹಾಜರಿ ಹಾಕಿದರಂತೆ, ಹುಡುಗರೆಲ್ಲ ನಕ್ಕರಂತೆ. ಚಾಡಿ ಮುಗಿಸಿ ಗೌರಿ ನನ್ನ ತೊಡೆಯ ಮೇಲೆ ಪಾಟಿ ಇಟ್ಟಳು.

“ಅಜ್ಜಿ, ಅಣ್ಣ ಮಾಡಿದ ಸಪ್ಪಳನ ಹೆಂಗ ಬರಿಯೂದು?”

ನಾನು ಬಳಪ ಹಿಡಿದು ‘ಹಾ’ ಎಂದು ಬರೆದೆ. ಅದು ಹೊರಗೆ ಹೋಗುವ ಉಸಿರು. ಒರೆಸಿ ‘ಹ್ಞ’ ಎಂದು ಬರೆದೆ. ಅದೂ ಹೊರಗೇ ಹೋಯಿತು. ನಾನು ಸಂತೆಕಲ್ಲೂರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು. ಬಾಯಿಂದ ಬಂದದ್ದೆಲ್ಲ ಕಾಗುಣಿತದಲ್ಲಿ ಸಿಗುತ್ತದೆ ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಹೂಂ, ಊಹೂಂ, ಛೀ, ಥೂ, ಎಲ್ಲಕ್ಕೂ ಅಕ್ಷರಗಳಿವೆ. ಗೋಡೆಯ ಮೇಲಿನ ಹಲ್ಲಿಯ ಸದ್ದನ್ನು ಸಹ ‘ಲೊಚ್’ ಎಂದು ಹಿಡಿದು, ಲೊಚಗುಟ್ಟುವುದು ಎಂದು ಮಾಡಿ, ಸತ್ತವರ ಮನೆಗೆ ಹೋದಾಗ ನಮ್ಮ ಹೆಂಗಸರು ಮರುಗುವುದಕ್ಕೂ ಅದನ್ನೇ ಹೇಳುತ್ತೇವೆ. ಆದರೆ ಬಾಯಿಂದ ಬರುವುದಕ್ಕಲ್ಲದೆ, ಬಾಯೊಳಗೆ ಹೋಗುವುದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ.

ಆ ಉಸಿರಿನ ಊರಿಗೆ ನಾನು ಒಮ್ಮೆ ಹೋಗಿಬಂದಿದ್ದೇನೆ. ಅಲ್ಲಿ ನಾನು ಮಾಡಹೊರಟಿದ್ದ ಒಂದು ಕೆಲಸವನ್ನು ನಿಮಗೆ ಯಾರೂ ಹೇಳಿಲ್ಲ. ನಿಮ್ಮ ಮುಖ ನೋಡುತ್ತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಗೌರಿಯ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಸಿಂಧನೂರು ಬಸ್ ನಿಲ್ದಾಣ

ನಿಮ್ಮಪ್ಪ ಇಥಿಯೋಪಿಯ ದೇಶದಲ್ಲಿ ಮಾಸ್ತರಿಕೆ ಮಾಡಿದ್ದು ನಿಮಗೆ ಫೋಟೊಗಳಿಂದ ಗೊತ್ತು. ಆಗ ಆ ದೇಶದವರು ನಮ್ಮ ಕಡೆಯಿಂದ ಲೆಕ್ಕ, ವಿಜ್ಞಾನ ಕಲಿಸುವವರನ್ನು ಕರೆಸಿಕೊಳ್ಳುತ್ತಿದ್ದರು. ಸಂಗು ಹುಟ್ಟಿದ್ದು ಇಲ್ಲೇ ಹತ್ತಿರದ ಬಳಗಾನೂರಿನ ನಮ್ಮ ಆಗಿನ ಮನೆಯಲ್ಲಿ. ಐದು ತಿಂಗಳ ಕೂಸನ್ನು ಎತ್ತಿಕೊಂಡು ಹೋದವರು ಮೂರು ವರ್ಷವಾದರೂ ಬಂದಿರಲಿಲ್ಲ. ಎರಡನೆಯ ಬಸಿರಿನಲ್ಲಿ ನಿಮ್ಮವ್ವ ಶಾಂತಾಳ ಕಾಲು ಬಾತವು. ವಿಮಾನ ಹತ್ತಬೇಡ ಎಂದರಂತೆ ಡಾಕ್ಟರರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಎದ್ದು ಹೋಗಬೇಕಲ್ಲ.

ನನ್ನನ್ನು ಕಳಿಸಲು ಅಕ್ಕ ನೀಲವ್ವ ಮಸ್ಕಿಯಿಂದ ಸಿಂಧನೂರಿನವರೆಗೆ ಬಂದಿದ್ದಳು. ರಾಯಚೂರಿನ ಬಸ್ಸು ಬರುವಷ್ಟರಲ್ಲಿ ನಾನು ಎಂಟು ಸಲ ಎದ್ದು ಗಂಟುಗಳನ್ನು ಮುಟ್ಟಿ ನೋಡಿದೆ. ಬಾಣಂತಿಗೆಂದು ಅಂಟಿನುಂಡೆ, ಅಳವಿ, ಕೊಬ್ಬರಿ, ಕೂಸಿಗೆ ತೇಯ್ದು ನೆಕ್ಕಿಸುವ ಬಜೆ ಬೇರು, ಖಡಕ್ ರೊಟ್ಟಿ.

“ಕುಂದ್ರಲೇ ಪಾರವ್ವ, ಕಾಲಾಗ ಇರುವಿ ಹೊಕ್ಕಾವೇನು? ಅಲ್ಲಿ ಮಂದಿ ಏನ್ ಮಾತಾಡ್ತಾರ?” ಎಂದಳು ಅಕ್ಕ.

“ಗೊತ್ತಿಲ್ಲಕ್ಕ.”

“ಮತ್ತ ನೀ ಹೆಂಗ ಮಾತಾಡ್ತಿ? ಇಲ್ಲೇ ಓಣ್ಯಾಗ ನಾಕು ಮಂದಿ ಕೂಡಿದ್ರ ಸೆರಗು ಕಚ್ಚಿಕೊಂಡು ಗ್ವಾಡಿಗೆ ಹತ್ತತಿ!”

“ಮಾತ್ಯಾಕ ಬೇಕಕ್ಕ? ಹೂಂ, ಊಹೂಂ ಅಂದ್ರ ಸಾಕು.”

“ನೋಡ್ರೆವ್ವಾ ಇಕೀನ! ಹೂಂ ಊಹೂಂ ಮ್ಯಾಲೆ ದೇಶ ತಿರಗಾಕ ಹೊಂಟಾಳ!”

ಪಕ್ಕದಲ್ಲಿ ಕುಳಿತಿದ್ದ ಮುಕ್ಕುಂದದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ನಗಲಿಲ್ಲ. ಹೂಂ ಎಂದರೆ ಎಲ್ಲಿಯೂ ಹೂಂ, ಊಹೂಂ ಎಂದರೆ ಎಲ್ಲಿಯೂ ಊಹೂಂ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಆಕಾಶದಲ್ಲಿ

ಬೊಂಬಾಯಿಯಿಂದ ನನ್ನ ಜೊತೆಗೆ ಗಂಗಾವತಿ ಕಡೆಯ ಒಬ್ಬ ಮಾಸ್ತರರು ಇದ್ದರು. ರಜೆ ಮುಗಿಸಿ ಅದೇ ದೇಶಕ್ಕೆ ಮರಳುತ್ತಿದ್ದವರು. ಒಳ್ಳೆಯವರು. ಆದರೆ ಪರಗಂಡಸು, ನಾನು ಅವರೊಡನೆ ಮಾತಾಡಿದ್ದು ಎಣಿಸಿ ನಾಲ್ಕು ಸಲ.

ಮುಂದಿನ ಸಾಲಿನಲ್ಲಿ ಆ ದೇಶದ ಒಬ್ಬ ತಾಯಿ ತನ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. “ಎಶುರುರು, ಎಶುರುರು” ಎನ್ನುತ್ತಿದ್ದಳು. ನಮ್ಮ ಜೋಜೋ ಇದ್ದಂತೆ, ಅರ್ಥವಿಲ್ಲದ್ದು, ಆದರೆ ನಿದ್ದೆ ತರುವಂಥದ್ದು. ಕೂಸು ಮಲಗಿತು. ನಾನು ಹೇಳಿದ್ದು ಸುಳ್ಳೇ ಅಕ್ಕ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಎಲ್ಲರ ಬಾಯಿಯೂ ಒಂದೇ.

ಅಡಿಸ್ ಅಬಾಬದಲ್ಲಿ ಇಳಿದಾಗ ನನ್ನ ಗಂಟು ಬಿಚ್ಚಿಸಿದರು. ಅಧಿಕಾರಿ ಬಜೆ ಬೇರನ್ನು ಹಿಡಿದು ಮೂಸಿ ನೋಡಿ ಮುಖ ಸಿಂಡರಿಸಿದ. ಗಂಗಾವತಿಯ ಮಾಸ್ತರರು ಅವರ ಮಾತಿನಲ್ಲಿ ಏನೋ ಹೇಳಿದರು, ಕೂಸಿನ ಔಷಧ ಎಂದಿರಬೇಕು. ಆಗ ಆ ಮನುಷ್ಯ, ಚೇಳು ಕಂಡವನಂತೆ, ಸರಕ್ಕನೆ ಉಸಿರನ್ನು ಒಳಗೆಳೆದುಕೊಂಡು ಬೇರನ್ನು ನನ್ನ ಕೈಯಲ್ಲಿ ಇಟ್ಟ. ಇಷ್ಟು ದೊಡ್ಡ ಗಂಡಸು ಬಜೆಗೆ ಬೆಚ್ಚುವುದೆಂದರೇನು! ಮಾಸ್ತರರನ್ನು ಕೇಳಬೇಕೆನ್ನಿಸಿತು. ನಾಚಿಕೆಯಾಯಿತು, ಕೇಳಲಿಲ್ಲ. ಅಲ್ಲಿ ಒಂದು ಮಾತು ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ನಜ್ರೆತ್

ನಿಮ್ಮಪ್ಪ ಬಂದು ಕರೆದುಕೊಂಡು ಹೋದರು. ಅವರ ಊರು ನಜ್ರೆತ್, ಅಡಿಸ್ ಅಬಾಬದಿಂದ ಎರಡು ಮೂರು ತಾಸಿನ ದಾರಿ. ಗುಡ್ಡದಿಂದ ಇಳಿಯುತ್ತ ಹೋದಂತೆ ದಾರಿಯ ಎರಡೂ ಬದಿಗೆ ಮುಳ್ಳುಗಿಡ, ಕಲ್ಲು, ಕೆಂಪು ಧೂಳು ಕಂಡವು. ಒಂದು ತಿರುವಿನಲ್ಲಿ ಜೋಳದ ಹೊಲ! ನಮ್ಮದೇ ತೆನೆ. ನಾನು ಮಸ್ಕಿಗೇ ಮರಳುತ್ತಿದ್ದೇನೇನೋ ಅನ್ನಿಸಿತು. ಆದರೆ ಅಲ್ಲಿ ರೊಟ್ಟಿ ಬಡಿಯುವ ಸದ್ದು ಯಾವ ಮನೆಯಿಂದಲೂ ಬರಲಿಲ್ಲ. ಅವರು ಸಣ್ಣಕಾಳಿನ ಹಿಟ್ಟನ್ನು ಹುಳಿ ಬರಿಸಿ, ಹಾಸಿಗೆಯಷ್ಟು ಅಗಲದ ದೋಸೆ ಹೊಯ್ಯುತ್ತಾರೆ.

ಮನೆಯಲ್ಲಿ ಸಂಗುವನ್ನು ನೋಡಿಕೊಳ್ಳುತ್ತಿದ್ದವಳು ಅಲ್ಮಾಜ್. ನಲವತ್ತರ ಹೆಂಗಸು, ಎತ್ತರ, ಬಿಳಿಯ ಹೊದಿಕೆ, ಹುಬ್ಬಿನ ಪಕ್ಕದಲ್ಲಿ ಎರಡು ಸಣ್ಣ ಹಳೆಯ ಗೀರು. ನಾನು ಅವಳ ತಾಟಿಗೆ ರೊಟ್ಟಿ, ಶೇಂಗಾ ಹಿಂಡಿ ಹಾಕಿದೆ. ಅವಳು “ಇಶಿ” ಎಂದಳು. ನಮ್ಮಲ್ಲಿ ಎಮ್ಮೆಯ ಸಗಣಿ ತುಳಿದವರು ಅನ್ನುವ ಮಾತು ಅದು. ಮತ್ತೆ ನೀರು ಕೊಟ್ಟೆ, “ಇಶಿ” ಎಂದಳು. ಕೂಡು ಎಂದು ಚಾಪೆ ತೋರಿಸಿದೆ, “ಇಶಿ ಇಶಿ.” ಶಾಂತಾ ಬಾತ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕಳು.

“ಯವ್ವಾ, ಇಶಿ ಅಂದ್ರ ಆಗಲಿ ಅಂತ. ನೀ ಯಾಕ ಮಾರಿ ಸಣ್ಣದು ಮಾಡಾಕತ್ತಿ?”

ಒಂದು ಕಲಿತೆ. ಇನ್ನೂ ಇಂಥವು ಇರಬಹುದು, ಅವನ್ನೂ ಕೇಳಿ ಇಟ್ಟುಕೊಳ್ಳಬೇಕು ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೊತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾಂತಾಳ ಮುಖವೂ ಬಾತಿತು. ನಿಮ್ಮಪ್ಪ ಜೀಪು ತಂದು ಅವಳನ್ನು ಅಡಿಸ್ ಅಬಾಬದ ದವಾಖಾನೆಗೆ ಒಯ್ಯಲು ಹೊರಟರು. ಜೀಪು ಹತ್ತುವ ಮುಂಚೆ ಅವಳು ನನ್ನ ಕೈ ಹಿಡಿದಳು.

“ಅಲ್ಮಾಜ್ ಅದಾಳ, ಫಿಕೀರ ಮಾಡಬ್ಯಾಡ. ಹುಡುಗಗ ಏನಾದ್ರೂ ಆದ್ರ ಅಕಿಗೆ ತೋರ್ಸು. ಮತ್ತ ಯವ್ವಾ, ಚುಟಿಗಿ ಗಿಟಿಗಿ ಅಂತ ಹೋಗಬ್ಯಾಡ. ನನ್ನಾಣೆ.”

“ನಾ ಯಾಕ ಹೋಗ್ಲಿ?” ಎಂದೆ.

ನಿಮಗೆ ಚುಟಿಗೆ ಗೊತ್ತಿರಲಿಕ್ಕಿಲ್ಲ. ಮಕ್ಕಳಿಗೆ ಉಸಿರಾಟ ಕೆಟ್ಟರೆ, ಹೊಟ್ಟೆ ಉಬ್ಬಿದರೆ, ಬಳೆಯ ಚೂರನ್ನು ಕೆಂಡದಲ್ಲಿ ಕಾಯಿಸಿ ಹೊಕ್ಕುಳ ಪಕ್ಕ ಒತ್ತುತ್ತಿದ್ದರು. ಅದೇ ಚುಟಿಗೆ. ಶಾಂತಾ ಎರಡು ವರ್ಷದವಳಿದ್ದಾಗ ಉಬ್ಬಸವೆಂದು ಅವಳಿಗೂ ಹಾಕಿಸಿದ್ದೆ. ಹಾಕಿದವಳು ನೀಲಕ್ಕ. ಕಾಲು ಹಿಡಿದವಳು ನಾನು. ಅವಳ ಹೊಟ್ಟೆಯ ಮೇಲೆ ಇವತ್ತಿಗೂ ಮೂರು ಗುರುತುಗಳಿವೆ.

ಹೂಂ ಅನ್ನದ ಹುಡುಗ

ಅವರು ಹೋದ ಮೇಲೆ ಮನೆ ದೊಡ್ಡದಾಯಿತು. ಸುದ್ದಿ ತಿಳಿಯಲು ಫೋನಿಲ್ಲ. ನಾನು ಅಂಗಳದಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಕೂತರೆ ಕಾಲು ತಾನಾಗಿ ಅಲುಗುತ್ತಿತ್ತು. ಸಂಗು ನನ್ನ ಹಿಂದೆಯೇ ತಿರುಗುತ್ತಿದ್ದ. ಅವ್ವ ಎಲ್ಲಿ ಎಂದು ಅವನು ಕೇಳದಿರಲಿ ಎಂದು ಊಟದ ಮೇಲೆ ಕಥೆ ಹೇಳಲು ಕೂತೆ.

ನಮ್ಮಲ್ಲಿ ಕಥೆಗೆ ಒಂದು ಕಟ್ಟಳೆ ಇದೆ, ನಿಮಗೂ ಗೊತ್ತು. ಹೇಳುವವರು ಒಂದು ಮಾತು ಹೇಳಿ ನಿಲ್ಲಬೇಕು, ಕೇಳುವವರು ‘ಹೂಂ’ ಅನ್ನಬೇಕು. ಹೂಂ ಬರದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.

“ಒಂದೂರಾಗ ಒಂದು ನರಿ ಇತ್ತಂತ. ಹೂಂ ಅನ್ನು.”

ಸಂಗು ನನ್ನ ಮುಖವನ್ನೇ ನೋಡುತ್ತ ಸರಕ್ಕನೆ ಉಸಿರೆಳೆದುಕೊಂಡ.

“ಅದಕ ಬಾಳ ಹಸಿವಿ ಆಗಿತ್ತಂತ.”

ಮತ್ತೆ ಅದೇ. ಸಣ್ಣದು, ಹರಿತವಾದದ್ದು, ಗಂಟಲಲ್ಲಿ ಏನೋ ಸಿಕ್ಕಂತೆ. ನರಿ ಬಾವಿಗೆ ಬೀಳುವ ಹೊತ್ತಿಗೆ ಪ್ರತಿ ಮಾತಿಗೂ ಒಂದೊಂದು. ಕಣ್ಣು ಅಗಲವಾಗಿದ್ದವು. ನಾನು ಕಥೆ ನಿಲ್ಲಿಸಿದೆ. ಕಥೆ ನಿಲ್ಲಿಸಿದರೆ ಉಸಿರೂ ಸರಿಹೋಯಿತು. ಮತ್ತೆ ಶುರುಮಾಡಿದರೆ ಮತ್ತೆ ಬಂತು.

ಆ ಸದ್ದು ನನಗೆ ಗೊತ್ತಿತ್ತು. ನಿಮ್ಮಜ್ಜ ಉಬ್ಬಸದಿಂದ ಹೋದವರು. ಬಳಗಾನೂರಿನಲ್ಲಿ ಕಾಲುವೆ ನೀರು ಬಂದು ಭತ್ತದ ರಾಶಿ ಶುರುವಾದ ಮೇಲೆ ಆ ಧೂಳು ಅವರ ಎದೆಯಲ್ಲಿ ಕೂತಿತು. ಕೊನೆಗಾಲಕ್ಕೆ ಅವರು ಒಂದು ಮಾತು ಆಡಿದರೆ ಒಂದು ಸಲ ಹೀಗೇ ಬಾಯಿಂದ ಗಾಳಿ ಎಳೆಯುತ್ತಿದ್ದರು. ರಕ್ತದಲ್ಲಿ ಬಂದದ್ದು ಮೊಮ್ಮಗನವರೆಗೂ ಬಂತು ಎಂದುಕೊಂಡೆ.

ಅಂದಿನಿಂದ ಕಥೆ ಹೇಳುವುದನ್ನು ಬಿಟ್ಟೆ. ಸಂಗು ನನ್ನ ಸೆರಗು ಎಳೆದು “ನರಿ? ನರಿ?” ಎನ್ನುತ್ತಿದ್ದ. “ಬ್ಯಾಡಪಾ, ನಿನಗ ದಣಿವಾಕ್ಕತಿ” ಎನ್ನುತ್ತಿದ್ದೆ. ಅವನು ಮೂಲೆಗೆ ಹೋಗಿ ಗೋಡೆ ನೋಡುತ್ತ ಕೂಡುತ್ತಿದ್ದ.

ಕಾಫಿ

ಅಲ್ಲಿ ಕಾಫಿ ಕುಡಿಯುವುದೆಂದರೆ ಅರ್ಧ ದಿನದ ಕೆಲಸ. ನೆಲದ ಮೇಲೆ ಹಸಿ ಹುಲ್ಲು ಹಾಸಿ, ಸಣ್ಣ ಇದ್ದಿಲ ಒಲೆ ಇಟ್ಟು, ಎದುರಿಗೇ ಬೀಜ ಹುರಿದು, ಆ ಹೊಗೆಯನ್ನು ಎಲ್ಲರ ಮುಖದ ಮುಂದೆ ಒಯ್ದು, ಕುಟ್ಟಿ, ಕುದಿಸಿ, ಮೂರು ಸಲ ಕೊಡುತ್ತಾರೆ. ಎರಡಕ್ಕೇ ಎದ್ದರೆ ಅವರಿಗೆ ಬೇಸರ. ನಾನು ಒಂದನೆಯದಕ್ಕೇ ಎದ್ದು ಗೇಟು ನೋಡಿ ಬಂದೆ.

ಅಕ್ಕಪಕ್ಕದ ಇಬ್ಬರು ಹೆಂಗಸರು ಬಂದಿದ್ದರು. ಅಲ್ಮಾಜ್ ಏನೋ ಹೇಳುತ್ತಿದ್ದಳು. ಒಬ್ಬಳು ಸರಕ್ಕನೆ ಉಸಿರೆಳೆದಳು. ಇನ್ನೊಬ್ಬಳೂ ಎಳೆದಳು. ನಾನು ಹೌಹಾರಿದೆ. ಹೊಗೆಯಿಂದ ಎಂದುಕೊಂಡು ಕಿಟಕಿ ತೆರೆದೆ. ಎಳೆಯುವುದು ನಿಲ್ಲಲಿಲ್ಲ. ಈ ಊರಿನ ಗಾಳಿಯಲ್ಲೇ ಉಬ್ಬಸವಿದೆ, ಎಲ್ಲರಿಗೂ ಹತ್ತಿದೆ ಎಂದು ನನಗೆ ಖಾತ್ರಿಯಾಯಿತು. ಈಗ ನೀವು ನಗುತ್ತಿರಬೇಕು. ನಗಿರಿ. ಆದರೆ ಅವತ್ತು ಆ ಕೋಣೆಯಲ್ಲಿ ಭಯಪಟ್ಟವಳು ನಾನೊಬ್ಬಳೇ.

ಅವರು ಹೋದ ಮೇಲೆ ಅಲ್ಮಾಜ್ ನನ್ನ ಪಕ್ಕ ಕೂತಳು. ನನಗೇನೋ ತಡೆಯಲಾಗಲಿಲ್ಲ. ನನ್ನ ಭಾಷೆ ಅವಳಿಗೆ ತಿಳಿಯುವುದಿಲ್ಲ ಎಂಬ ಧೈರ್ಯವೋ ಏನೋ, ಊರಲ್ಲಿ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ನಿಮ್ಮಜ್ಜನ ಕೊನೆಯ ದಿನ, ಬೆನ್ನು ತಿಕ್ಕುತ್ತ ಕೂತಿದ್ದ ನಾನು, ತಂಬಿಗೆಯಲ್ಲಿ ನೀರು ತರಲು ಎದ್ದದ್ದು, ಬರುವಷ್ಟರಲ್ಲಿ ಆ ಸದ್ದು ನಿಂತಿದ್ದದ್ದು. ಅಲ್ಮಾಜ್ ನನ್ನ ಪ್ರತಿ ಮಾತಿಗೂ ಉಸಿರೆಳೆದಳು. ತಂಬಿಗೆಯ ಮಾತು ಬಂದಾಗ ಮಾತ್ರ ತುಟಿಗಳನ್ನು ಒಳಗೆ ಹೀರಿ ‘ಮ್‌ಚ್’ ಎಂದಳು. ನಮ್ಮ ಲೊಚಗುಟ್ಟುವಿಕೆಗೆ ಅಕ್ಕತಂಗಿಯಂಥ ಸದ್ದು. ಅಷ್ಟು ನನಗೆ ತಿಳಿಯಿತು. ಆ ಮನೆಯಲ್ಲಿ ಮೊದಲ ಸಲ ನನಗೆ ಸಮಾಧಾನವಾಯಿತು. ಅವಳ ಉಸಿರಿಗೂ ನನ್ನ ಮಾತಿಗೂ ಏನು ಸಂಬಂಧ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಬುಧವಾರ

ಅಂದು ಬೆಳಿಗ್ಗೆ ಅಲ್ಮಾಜ್ ಸಂತೆಗೆ ಹೋಗಿದ್ದಳು. ಸಂಗು ಪಕ್ಕದ ಮನೆಯ ಹುಂಜವನ್ನು ಅಂಗಳವೆಲ್ಲ ಅಟ್ಟಾಡಿಸಿ ಏದುಸಿರು ಬಿಡುತ್ತ ಬಂದು ನನ್ನ ಮಡಿಲಲ್ಲಿ ಬಿದ್ದ. ಎದೆ ಗುಬ್ಬಿಯಂತೆ ಹೊಡೆದುಕೊಳ್ಳುತ್ತಿತ್ತು.

“ಎದಿ ನೋಯ್ತೈತೇನಪಾ?”

ಸರಕ್ಕನೆ ಉಸಿರು.

“ಉಸಿರು ಕಟ್ಟತೈತೇನು?”

ಸರಕ್ಕನೆ.

ನನಗೆ ನಿಮ್ಮಜ್ಜನ ಮುಖ ಕಂಡಿತು. ಮಗಳು ದವಾಖಾನೆಯಲ್ಲಿ ಸಾವು ಬದುಕಿನ ನಡುವೆ ಇದ್ದಾಳೋ ಏನೋ, ಇಲ್ಲಿ ಅವಳ ಮಗನನ್ನೂ ನಾನು ಕೈಬಿಟ್ಟರೆ? ಆಣೆ ನೆನಪಾಯಿತು. ಆಣೆಗೆ ಹೆದರಿ ಸುಮ್ಮನಿದ್ದು ಹುಡುಗ ಹೋದರೆ ಆ ಆಣೆ ಯಾರಿಗೆ ಬೇಕು?

ಶಾಂತಾಳ ಬಳೆಯ ಡಬ್ಬಿ ತೆಗೆದೆ. ನಿಮ್ಮಜ್ಜ ಹೋದ ಮೇಲೆ ನಾನು ಗಾಜಿನ ಬಳೆಯನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಹಸಿರು ಬಳೆಯೊಂದನ್ನು ಮುರಿದು, ಚೂರನ್ನು ಇಕ್ಕಳದಲ್ಲಿ ಹಿಡಿದು, ಕಾಫಿ ಒಲೆಯ ಕೆಂಡದಲ್ಲಿ ಇಟ್ಟೆ. ಹುಡುಗನನ್ನು ಚಾಪೆಯ ಮೇಲೆ ಮಲಗಿಸಿ ಅಂಗಿ ಎತ್ತಿದೆ.

“ಸಣ್ಣದೊಂದು ಚುಟಿಗಿ ಹಾಕ್ತೀನಿ. ಆರಾಮಾಗತಿ. ಹಾಕಲೇನು, ನನ್ನಪ್ಪಾ?”

ಸಂಗು ನನ್ನ ಮುಖ ನೋಡಿ ನಕ್ಕು ಸರಕ್ಕನೆ ಉಸಿರೆಳೆದುಕೊಂಡ. ಮತ್ತೆ ಬಂತು ಎಂದು ನಾನು ಅವಸರ ಮಾಡಿದೆ. “ಶಿವ ಶಿವಾ” ಎಂದು ಚೂರನ್ನು ಇಳಿಸಿದೆ.

ಕೆಳಗೆ ಇದ್ದದ್ದು ಸಂಗುವಿನ ಹೊಟ್ಟೆಯಲ್ಲ. ಹೊಕ್ಕುಳನ್ನು ಮುಚ್ಚುವಂತೆ ಅವನ ಹೊಟ್ಟೆಯ ಮೇಲೆ ಒಂದು ಕೈ ಬಂದಿತ್ತು. ಅಲ್ಮಾಜ್ ಯಾವಾಗ ಬಾಗಿಲು ದಾಟಿ ಬಂದಳೋ ನಾನು ನೋಡಲಿಲ್ಲ. ಚೂರು ಅವಳ ಕೈಯ ಹಿಂಬದಿಗೆ ಹತ್ತಿತು. ವಾಸನೆ ಬಂತು. ಅವಳು ಕೂಗಲಿಲ್ಲ. ಸಂತೆಯ ಬುಟ್ಟಿಯಿಂದ ಬಿದ್ದ ಈರುಳ್ಳಿಗಳು ಇನ್ನೂ ಉರುಳುತ್ತಿದ್ದವು. ನನ್ನ ಕೈಯಿಂದ ಇಕ್ಕಳ ಬಿಡಿಸಿಕೊಂಡು ದೂರ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು. ಬೈಯುತ್ತಾಳೆ, ಹೊರಗೆ ಹೋಗಿ ಓಣಿಯವರನ್ನು ಕರೆಯುತ್ತಾಳೆ ಎಂದುಕೊಂಡೆ.

ಅವಳು ತುಟಿಗಳನ್ನು ಒಳಗೆ ಹೀರಿ ‘ಮ್‌ಚ್’ ಎಂದಳು. ತನ್ನ ಕೈಗಲ್ಲ. ನನಗೆ.

ಆಮೇಲೆ ತನ್ನ ಹುಬ್ಬಿನ ಪಕ್ಕದ ಗೀರುಗಳನ್ನು ಬೆರಳಿನಿಂದ ತೋರಿಸಿ, ಎತ್ತರ ಇಷ್ಟು ಎಂದು ನೆಲದಿಂದ ಒಂದು ಮೊಳ ಅಳೆದು, ಕಣ್ಣು ಮುಟ್ಟಿ, ಬೆನ್ನು ಬಾಗಿಸಿ ಮುದುಕಿಯಂತೆ ಕೋಲು ಹಿಡಿದು ತೋರಿಸಿದಳು. ಚಿಕ್ಕವಳಿದ್ದಾಗ ಕಣ್ಣುಬೇನೆಗೆ ಅವಳಜ್ಜಿ ಮಾಡಿದ್ದು. ಇದು ಏನೆಂದು ಅವಳಿಗೆ ನನ್ನಷ್ಟೇ ಗೊತ್ತಿತ್ತು.

ಹಿತ್ತಿಲಲ್ಲಿ ನಮ್ಮಲ್ಲಿರುವಂಥದೇ ಲೋಳೆಸರವಿತ್ತು. ಮುರಿದು ತಂದು ಅವಳ ಕೈಗೆ ಹಚ್ಚಿದೆ. ನನ್ನ ಎದೆ ಮುಟ್ಟಿ, ಸಂಗುವನ್ನು ತೋರಿಸಿ, ಉಸಿರೆಳೆದು ತೋರಿಸಿದೆ. ಇವನಿಗೆ ಹೀಗಾಗುತ್ತದೆ, ಅದಕ್ಕೆ ಹೀಗೆ ಮಾಡಿದೆ ಎಂದು. ಅಲ್ಮಾಜ್ ಎದ್ದು ಹೋಗಿ ನೀರಿನ ಲೋಟ ತಂದಳು.

“ವುಹಾ?” ಎಂದು ಸಂಗುವನ್ನು ಕೇಳಿದಳು.

ಅವನು ಉಸಿರೆಳೆದ. ಅವಳು ಲೋಟ ಕೊಟ್ಟಳು. ಅವನು ಕುಡಿದ.

“ಡಾಬೋ?” ಎಂದು ಬ್ರೆಡ್ಡು ತೋರಿಸಿದಳು.

ಉಸಿರೆಳೆದ. ಕೊಟ್ಟಳು. ತಿಂದ.

ಉಪ್ಪಿನ ಡಬ್ಬಿ ತೋರಿಸಿದಳು. ಸಂಗು ತಲೆ ಅಡ್ಡ ಅಲ್ಲಾಡಿಸಿ ಮುಖ ಕಿವುಚಿದ. ಉಸಿರು ಎಳೆಯಲಿಲ್ಲ.

ಅಲ್ಮಾಜ್ ನನ್ನ ಕಡೆ ನೋಡಿದಳು. ನಾನು ಗೋಡೆ ಹಿಡಿದು ಕುಳಿತೆ. ಹುಡುಗ ಮೊದಲ ದಿನದಿಂದಲೂ ಹೂಂ ಅನ್ನುತ್ತಿದ್ದ. ನರಿಯ ಕಥೆಗೆ ಒಂದು ಮಾತೂ ಬಿಡದೆ ಹೂಂಗುಟ್ಟಿದ್ದ. ಹೂಂ ಅಂದದ್ದಕ್ಕೇ ನಾನು ಕಥೆ ನಿಲ್ಲಿಸಿದ್ದೆ. ಚುಟಿಗೆ ಹಾಕಲೇನು ಎಂದು ಕೇಳಿದಾಗಲೂ, ಚುಟಿಗೆ ಎಂದರೇನೆಂದು ಅರಿಯದೆ, ಅಜ್ಜಿ ಕೇಳುತ್ತಿದ್ದಾಳಲ್ಲ ಎಂದು, ಅವನು ಹೂಂ ಅಂದಿದ್ದ.

ಸ್ವಲ್ಪ ಹೊತ್ತಿನ ಮೇಲೆ ಸಂಗು ಬಂದು ನನ್ನ ಗದ್ದ ಹಿಡಿದು ತಿರುಗಿಸಿದ. “ನರಿ?” ಎಂದ.

ಹೇಳಿದೆ. ಬಾವಿಯಲ್ಲಿ ಬಿದ್ದಿದ್ದ ನರಿಯನ್ನು ಆರು ದಿನದ ಮೇಲೆ ಮೇಲಕ್ಕೆ ಎತ್ತಿದೆ. ಒಂದು ಕಡೆ ಮೊಮ್ಮಗ, ಒಂದು ಕಡೆ ಕೈಗೆ ಬಟ್ಟೆ ಸುತ್ತಿಕೊಂಡ ಅಲ್ಮಾಜ್, ಒಂದು ಮಾತಿಗೂ ತಪ್ಪದೆ ಇಬ್ಬರೂ ಉಸಿರೆಳೆಯುತ್ತಿದ್ದರು.

ಅವರ ಕಾಗುಣಿತ

ಶುಕ್ರವಾರ ನಿಮ್ಮಪ್ಪ ಬಂದರು. ಗೌರಿ ಹುಟ್ಟಿದ್ದಳು. ತಾಯಿ ಕೂಸು ಇಬ್ಬರೂ ಉಳಿದಿದ್ದರು. ನಾನು ಎದ್ದು ನಿಂತವಳು ಕೂಡಲಾರದೆ, ಕೂತವಳು ನಿಲ್ಲಲಾರದೆ ಒದ್ದಾಡಿದೆ. ಆಮೇಲೆ ಎಷ್ಟೋ ಹೊತ್ತಿನ ಮೇಲೆ ಬಾಗಿಲ ಮರೆಯಿಂದ ಕೇಳಿದೆ.

“ಇಲ್ಲಿ ಮಂದಿ ಹಿಂಗ ಉಸಿರು ಎಳೀತಾರಲ್ರೀ, ಯಾಕ?”

“ಅದಾ? ಹೂಂ ಅಂದಂಗ್ರಿ ಅತ್ತೀ. ನಮಗ ಈಗ ಅದು ಕಿವಿಗೂ ಬೀಳೂದಿಲ್ಲ, ಅದಕ ಹೇಳಿಲ್ಲ” ಎಂದು ನಕ್ಕರು. “ಯಾಕ್ರೀ, ಏನಾತು?”

“ಏನಿಲ್ರೀ.”

ಅವರು ಶಾಲೆಯ ಒಂದು ದೊಡ್ಡ ಹಾಳೆ ತಂದು ಗೋಡೆಗೆ ಹಚ್ಚಿ ಅವರ ಅಕ್ಷರ ತೋರಿಸಿದರು. ನನಗೆ ಆಶ್ಚರ್ಯವಾಯಿತು. ಅವರಲ್ಲೂ ಕಾಗುಣಿತವಿದೆ! ಒಂದೊಂದು ಅಕ್ಷರಕ್ಕೂ ಏಳು ರೂಪ, ಸಾಲಾಗಿ. ನಮ್ಮದು ಕಕಾರದಿಂದ, ಅವರದು ಹಕಾರದಿಂದ. ಹ, ಹು, ಹಿ, ಹಾ. ಉಸಿರಿನಿಂದಲೇ ಶುರುಮಾಡಿದ್ದಾರೆ.

“ಆ ಮ್‌ಚ್ ಅಂತಾರಲ್ರೀ, ತುಟಿ ಹೀರಿ?”

“ಅದಕ ಅಕ್ಷರ ಅದಾವ” ಎಂದು ಎರಡು ಗುರುತು ಬರೆದು ತೋರಿಸಿದರು. ನಾನು ನೆಲದ ಮೇಲೆ ಬೆರಳಿನಿಂದ ತಿದ್ದಿ ಕಲಿತೆ.

“ಮತ್ತ ಆ ಉಸಿರಿಗೆ?”

ನಿಮ್ಮಪ್ಪ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. “ಅದನ್ನ ಬರದದ್ದು ನಾ ಎಲ್ಲೂ ನೋಡಿಲ್ರೀ ಅತ್ತೀ” ಎಂದರು.

ಮಸ್ಕಿ

ಬಾಣಂತನ ಮುಗಿಸಿ ಮೂರು ತಿಂಗಳ ಮೇಲೆ ಊರಿಗೆ ಬಂದೆ. ಅಕ್ಕನ ಮನೆಯ ಕಟ್ಟೆಯ ಮೇಲೆ ಹೆಂಗಸರು ಸೇರಿದರು. ಅಕ್ಕ ನಾನಿಲ್ಲದಾಗಿನ ಸುದ್ದಿಗಳನ್ನೆಲ್ಲ ಹೇಳುತ್ತಿದ್ದಳು. ನಡುವೆ ತಟ್ಟನೆ ನಿಲ್ಲಿಸಿದಳು.

“ಯಾಕಲೇ ಪಾರವ್ವ, ಹಂಗ ಯಾಕ ಉಸಿರು ಎಳಿಯಾಕತ್ತಿ?”

ನಾನು ಎಳೆಯುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

“ಅಯ್ಯ ನನ್ನ ಶಿವನೇ, ಗಂಡನ ಉಬ್ಬಸ ಇಕೀಗೂ ಬಂತಲ್ರೆವ್ವಾ! ಯಾರರ ಒಲಿ ಹಚ್ಚರಿ, ಒಂದು ಬಳಿ ಚೂರು ತರ್ರಿ!”

“ಅಕ್ಕ, ಇದು ಉಬ್ಬಸಲ್ಲ. ಅಲ್ಲಿ ಹೂಂ ಅನ್ನೂದು ಹಿಂಗ.”

ಇಡೀ ಕಟ್ಟೆ ನಕ್ಕಿತು. ಒಬ್ಬಳು ಎಳೆದು ನೋಡಿದಳು, ಇನ್ನೊಬ್ಬಳಿಗೆ ಕೆಮ್ಮು ಬಂತು. “ಫಾರಿನ್ನಿಗೆ ಹೋಗಿ ಇದೊಂದು ಕಲತು ಬಂದಾಳ” ಎಂದಳು ಮತ್ತೊಬ್ಬಳು. ನಗು ಇಳಿದ ಮೇಲೆ ನಾನು ಅಕ್ಕನಿಗೆ ಮೆಲ್ಲಗೆ ಹೇಳಿದೆ.

“ಇನ್ ಮ್ಯಾಲೆ ಯಾವ ಕೂಸಿಗೂ ಚುಟಿಗಿ ಹಾಕಬ್ಯಾಡಕ್ಕ.”

“ಯಾಕ? ನಿನ್ನ ಮಗಳಿಗೆ ನಾನ ಹಾಕಿದ್ನೆಲ್ಲ, ಉಳೀಲಿಲ್ಲೇನು?” ಎಂದಳು ಅಕ್ಕ. ಅವಳಿಗೆ ಸಿಟ್ಟು ಬಂದಿತ್ತು.

ಅದೇ ಮಾತನ್ನು ನಾನು ನಾಲ್ಕು ದಿನದ ಹಿಂದೆ ಬೇರೆ ಬಾಯಿಂದ, ಬೇರೆ ಥರ ಕೇಳಿ ಬಂದಿದ್ದೆ.

ಅಡಿಸ್ ಅಬಾಬ, ಹಿಂತಿರುಗುವ ದಿನ

ಊರು ಸೇರಿದ್ದನ್ನು ಮೊದಲೇ ಬರೆದುಬಿಟ್ಟೆ. ನಡುವಿನ ಒಂದು ದಿನವನ್ನು ದಾಟಿ ಹೋದೆ. ಬೇಕೆಂದೇ ದಾಟಿದೆ, ಆದರೆ ಹಾಳೆಗಳು ಇನ್ನೂ ಉಳಿದಿವೆ.

ಶಾಂತಾ ಕೂಸಿನೊಂದಿಗೆ ಮನೆಗೆ ಬಂದ ದಿನವೇ ಅಲ್ಮಾಜಳ ಕೈ ನೋಡಿದಳು. ಕಡ್ಡಿಯಷ್ಟು ಉದ್ದ, ತುಸು ಬಾಗಿದ ಗುರುತು. ಬಳೆಯ ಚೂರಿನ ಗುರುತನ್ನು ಅವಳು ಬೇರೆ ಯಾವುದೆಂದೂ ತಿಳಿಯುವವಳಲ್ಲ, ಸ್ನಾನ ಮಾಡುವಾಗಲೆಲ್ಲ ತನ್ನ ಹೊಟ್ಟೆಯ ಮೇಲೆ ಅದನ್ನೇ ನೋಡಿದವಳು. ಅಲ್ಮಾಜ್ ಕಾಫಿ ಒಲೆ ತೋರಿಸಿ ಏನೋ ಹೇಳಿದಳು, ತನ್ನ ತಪ್ಪೇ ಎಂಬಂತೆ. ಶಾಂತಾ ಹೋಗಿ ಸಂಗುವಿನ ಅಂಗಿ ಎತ್ತಿ ಹೊಟ್ಟೆ ನೋಡಿದಳು. ಅಂಗಿ ಇಳಿಸಿದಳು. ನನಗೆ ಒಂದು ಮಾತೂ ಅನ್ನಲಿಲ್ಲ.

ಮೂರು ತಿಂಗಳು ಅನ್ನಲಿಲ್ಲ. ನಾನು ಗೌರಿಗೆ ಎಣ್ಣೆ ಹಚ್ಚಿ ಎರೆಯುವಾಗ, ಶಾಂತಾಳಿಗೆ ಅಂಟಿನುಂಡೆ ಕೊಡುವಾಗ, ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ಒಂದು ದಿನವಾದರೂ ನೆಮ್ಮದಿಯಾಗಿ ಕೂಡುತ್ತಿದ್ದೆ.

ವಿಮಾನ ನಿಲ್ದಾಣದಲ್ಲಿ ಅಲ್ಮಾಜ್ ನನ್ನ ಭುಜಕ್ಕೆ ಭುಜ ತಾಗಿಸಿ ಬೀಳ್ಕೊಟ್ಟಳು. ನಾನು ಅವಳ ಕೈಯನ್ನು, ಆ ಗುರುತಿನ ಕೈಯನ್ನು, ನನ್ನ ಕಣ್ಣಿಗೆ ಒತ್ತಿಕೊಂಡೆ. ನಿಮ್ಮಪ್ಪ ಗಂಟುಗಳನ್ನು ಒಪ್ಪಿಸಲು ಹೋದರು. ಆಗ ಶಾಂತಾ ನನ್ನ ಹತ್ತಿರ ಬಂದು, ಗೌರಿಯನ್ನು ಎದೆಗೆ ಅವಚಿಕೊಂಡು, ಸಿಟ್ಟಿಲ್ಲದೆ ಕೇಳಿದಳು.

“ಯವ್ವಾ, ನಾ ಸಣ್ಣಾಕಿ ಇದ್ದಾಗ, ನನಗ ಖರೇನ ಉಬ್ಬಸ ಇತ್ತೇನು?”

ನಾನು ನೆನಪಿನಲ್ಲಿ ಹುಡುಕಿದೆ. ಎರಡು ವರ್ಷದ ಹುಡುಗಿ, ನೀಲಕ್ಕನ ಒಲೆ, ನನ್ನ ಕೈಯಲ್ಲಿ ಒದ್ದಾಡುವ ಎರಡು ಸಣ್ಣ ಕಾಲು. ಅದಕ್ಕೂ ಹಿಂದಿನ ದಿನ ಆ ಮಗು ಯಾವ ಸದ್ದು ಮಾಡಿತ್ತು? ಕೆಮ್ಮಿತ್ತೇ? ಆಡಿ ದಣಿದಿತ್ತೇ? ಎಷ್ಟು ಹುಡುಕಿದರೂ ಆ ಸದ್ದು ನನಗೆ ಸಿಗಲಿಲ್ಲ. ಸುಟ್ಟ ಮೇಲಿನ ಅಳು ಮಾತ್ರ ಇತ್ತು.

ಬಾಯಿ ತೆರೆದೆ. ಹೂಂ ಅನ್ನಬೇಕೆಂದಿದ್ದೆನೋ, ಊಹೂಂ ಅನ್ನಬೇಕೆಂದಿದ್ದೆನೋ. ಉಸಿರು ಸರಕ್ಕನೆ ಒಳಗೆ ಹೋಯಿತು.

ಶಾಂತಾ ನನ್ನನ್ನು ನೋಡಿದಳು. ಅವಳಿದ್ದ ಊರಿನಲ್ಲಿ ಆ ಉಸಿರೆಂದರೆ ಹೌದು. ಅವಳು ಹುಟ್ಟಿದ ಊರಿನಲ್ಲಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರು ಎಳೆದುಕೊಳ್ಳುವ ಉಸಿರು. ಅವಳು ಯಾವುದನ್ನು ಕೇಳಿಸಿಕೊಂಡಳೋ ನನಗೆ ಗೊತ್ತಿಲ್ಲ. ನನ್ನ ಸೆರಗು ಸರಿಮಾಡಿ, “ಹುಷಾರಾಗಿ ಹೋಗಬೇ” ಎಂದಳು.

ಗೌರಿ, ನೀನು ಬಿಟ್ಟುಹೋದ ಪಾಟಿ ಇಲ್ಲೇ ಕಿಟಕಿಯಲ್ಲಿದೆ. ನಾಲ್ಕು ಸಲ ಬರೆದು ನಾಲ್ಕು ಸಲ ಒರೆಸಿದ್ದೇನೆ. ಮುಂದಿನ ಸಲ ಬರುವಾಗ ನಿಮ್ಮವ್ವನನ್ನೂ ಕರೆದುಕೊಂಡು ಬಾ. ಆ ಸಪ್ಪಳವನ್ನು ಹೇಗೆ ಬರೆಯುವುದೆಂದು ಅವಳನ್ನೇ ಕೇಳೋಣ.